ಟಿ.ವಿ.ಯಲ್ಲಿ ಬಾರದ ಆಟಗಳ ಗತಿ: ಅಮೆರಿಕದ ಕಾಲೇಜು ಕ್ರೀಡೆಯ ಹಣ ಯಾರಿಗೆ, ಯಾರ ಖರ್ಚಿನಲ್ಲಿ?

ಮೇರಿಲ್ಯಾಂಡ್ ಕನ್ನಡಿಗ

ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ಮಕ್ಕಳಲ್ಲಿ ಅನೇಕರು ಈಜು, ಟೆನಿಸ್, ಓಟ, ಫೆನ್ಸಿಂಗ್‌ಗಳಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡುತ್ತಾರೆ. ಆ ಅಭ್ಯಾಸದ ಹಿಂದೆ ಒಳ್ಳೆಯ ಕಾಲೇಜಿನ ತಂಡದಲ್ಲಿ ಒಂದು ಜಾಗ ದೊರಕೀತೆಂಬ ಆಸೆಯೂ ಇರುತ್ತದೆ. ಆ ಜಾಗಗಳೇ ಈಗ ಕಡಿಮೆಯಾಗುತ್ತಿರುವುದರಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಹಿನ್ನೆಲೆ ಹೀಗಿದೆ. 2021ರ ಜುಲೈ 1ರಿಂದ ಕಾಲೇಜು ಕ್ರೀಡಾಪಟುಗಳು ತಮ್ಮ ಹೆಸರು ಮತ್ತು ಚಿತ್ರಗಳನ್ನು ಜಾಹೀರಾತಿಗೆ ಕೊಟ್ಟು ಸಂಪಾದಿಸಬಹುದೆಂದು, ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ಒಪ್ಪಿಕೊಂಡಿತು. ನಂತರ 2025ರ ಜೂನ್ 6ರಂದು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಅವರು, ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ‘ಹೌಸ್’ ಪ್ರಕರಣದ ರಾಜಿ ಒಪ್ಪಂದಕ್ಕೆ ಅಂತಿಮ ಮುದ್ರೆ ಒತ್ತಿದರು. ಅದರ ಪ್ರಕಾರ 2016ರಿಂದೀಚೆಗೆ ಆಡಿದವರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ ಸಲ್ಲಬೇಕು. ಜೊತೆಗೆ ಪ್ರತಿಯೊಂದು ವಿಶ್ವವಿದ್ಯಾಲಯವೂ ತನ್ನ ಆಟಗಾರರಿಗೆ ನೇರವಾಗಿ, 2025-26ರ ಸಾಲಿನಲ್ಲಿ ಗರಿಷ್ಠ 2 ಕೋಟಿ 5 ಲಕ್ಷ ಡಾಲರ್‌ಗಳವರೆಗೆ, ಆದಾಯದ ಪಾಲನ್ನು ಕೊಡಬಹುದು. ಈ ಮೊಕದ್ದಮೆಗೆ ತನ್ನ ಹೆಸರನ್ನು ಕೊಟ್ಟ ಗ್ರಾಂಟ್ ಹೌಸ್ ಫುಟ್‌ಬಾಲ್ (ಇಲ್ಲಿ ಅಮೆರಿಕನ್ ಫುಟ್‌ಬಾಲ್ ಎಂದರ್ಥ) ಆಟಗಾರನಲ್ಲ, ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಈಜುಗಾರ. ಆದರೆ ಒಪ್ಪಂದದ ಹೊರೆ ಹೆಚ್ಚಾಗಿ ಬೀಳುತ್ತಿರುವುದು ಈಜಿನಂಥ ಆಟಗಳ ಮೇಲೆಯೇ. ಫುಟ್‌ಬಾಲ್ ಆಟಗಾರನಿಗೆ ಅವನ ದುಡಿಮೆಯ ಪಾಲು ಸಿಗಬೇಕೆಂಬುದನ್ನು ನಾನು ಒಪ್ಪುತ್ತೇನೆ. ಆ ಪಾಲನ್ನು ಕೊಡುವಾಗ ಈಜುಕೊಳವನ್ನೇ ಏಕೆ ಮುಚ್ಚಬೇಕು ಎಂಬುದು ನನ್ನ ಪ್ರಶ್ನೆ.

ಓಹಾಯೊ ಲೆಕ್ಕಿಗ

ವೃತ್ತಿಯಿಂದ ಲೆಕ್ಕಪರಿಶೋಧಕನಾದ್ದರಿಂದ ಅಂಕಿಗಳಿಂದಲೇ ಉತ್ತರಿಸುತ್ತೇನೆ. ಆ 2 ಕೋಟಿ 5 ಲಕ್ಷವನ್ನು ಹಂಚಲು ದೊಡ್ಡ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಅನುಸರಿಸುತ್ತಿರುವ ಸೂತ್ರವು, ಹಳೆಯ ಬಾಕಿಯ ಪರಿಹಾರವನ್ನು ಹಂಚಲು ಬಳಸಿದ ಸೂತ್ರವನ್ನೇ ಬಹುಮಟ್ಟಿಗೆ ಹೋಲುತ್ತದೆ: ಫುಟ್‌ಬಾಲ್‌ಗೆ ಶೇ. 75, ಪುರುಷರ ಬ್ಯಾಸ್ಕೆಟ್‌ಬಾಲ್‌ಗೆ ಶೇ. 15, ಮಹಿಳೆಯರ ಬ್ಯಾಸ್ಕೆಟ್‌ಬಾಲ್‌ಗೆ ಶೇ. 5, ಮಿಕ್ಕ ಎಲ್ಲಕ್ಕೂ ಸೇರಿ ಶೇ. 5. ಅಂದರೆ ಈಜು, ಕುಸ್ತಿ, ಟೆನಿಸ್, ಗಾಲ್ಫ್, ಓಟ, ಎಸೆತ, ಜಿಮ್ನಾಸ್ಟಿಕ್ಸ್ ಎಲ್ಲವೂ ಒಟ್ಟಾಗಿ ಹಂಚಿಕೊಳ್ಳಬೇಕಾದದ್ದು ಹತ್ತು ಲಕ್ಷ ಚಿಲ್ಲರೆ ಡಾಲರ್. ಅದು ಬರುವ ಹಣದ ಮಾತಾಯಿತು. ಹೋಗುವ ಹಣ ಬೇರೆಯೇ ಇದೆ. ಎರಡು ಕೋಟಿ ಡಾಲರ್‌ಗಳ ಹೊಸ ಖರ್ಚಿಗೆ ಹೊಸ ಆದಾಯವನ್ನು ಯಾರೂ ಸೃಷ್ಟಿಸಿಕೊಟ್ಟಿಲ್ಲ. ಇದ್ದ ಬಜೆಟ್ಟಿನಲ್ಲಿಯೇ ಅದನ್ನು ಹೊಂದಿಸಬೇಕಾದಾಗ ಕತ್ತರಿ ಮೊದಲು ಮುಟ್ಟುವುದು ಟಿಕೆಟ್ ಮಾರದ, ಟಿ.ವಿ.ಯಲ್ಲಿ ಕಾಣದ ತಂಡಗಳನ್ನು.

ಆದರೂ ‘ಬೇರೆ ದಾರಿಯೇ ಇಲ್ಲ’ ಎಂಬ ಆಡಳಿತಗಾರರ ಮಾತನ್ನು ನಾನು ನಂಬುವುದಿಲ್ಲ. 2023ರ ನವೆಂಬರ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯವು ತನ್ನ ಫುಟ್‌ಬಾಲ್ ಕೋಚ್ ಜಿಂಬೊ ಫಿಶರ್ ಅವರನ್ನು ತೆಗೆದುಹಾಕಿದಾಗ, ಕರಾರಿನಂತೆ ಅವರಿಗೆ ಸಲ್ಲಬೇಕಾಗಿದ್ದ ಮೊತ್ತ ಏಳೂವರೆ ಕೋಟಿ ಡಾಲರ್‌ಗೂ ಹೆಚ್ಚು. ಕೆಲಸ ಮಾಡದಿರಲು ಒಬ್ಬ ಮನುಷ್ಯನಿಗೆ ಕೊಡುವ ಆ ಹಣದಲ್ಲಿ ಒಂದು ಈಜು ತಂಡವನ್ನು ದಶಕಗಳ ಕಾಲ ನಡೆಸಬಹುದು. ಆಟಗಾರರಿಗೆ ಒಂದು ಕಾಸನ್ನೂ ಸಂಬಳವಾಗಿ ಕೊಡದಿದ್ದ ಕಾಲದಲ್ಲಿಯೇ ಈ ಕರಾರಿಗೆ ಸಹಿ ಬಿದ್ದಿತ್ತೆಂಬುದನ್ನು ಗಮನಿಸಬೇಕು.

ಈಜುಗಾರ್ತಿಯ ತಾಯಿ

ಲೆಕ್ಕಿಗರ ಅಂಕಿಗಳು ಸರಿ. ಆದರೆ ಮನೆಗಳಲ್ಲಿ ನೋವುಂಟುಮಾಡಿದ್ದು ಹಣದ ಹಂಚಿಕೆಗಿಂತ ಹೆಚ್ಚಾಗಿ ರೋಸ್ಟರ್ ಮಿತಿ, ಅಂದರೆ ಒಂದು ತಂಡದಲ್ಲಿ ಎಷ್ಟು ಜನರಿರಬಹುದೆಂಬ ಮಿತಿ. ಹಿಂದೆ ಎನ್‌ಸಿಎಎ ಮಿತಿಗೊಳಿಸುತ್ತಿದ್ದದ್ದು ವಿದ್ಯಾರ್ಥಿವೇತನಗಳನ್ನು ಮಾತ್ರ. ಪುರುಷರ ಈಜು ತಂಡಕ್ಕೆ 9.9, ಮಹಿಳೆಯರ ತಂಡಕ್ಕೆ 14, ಪುರುಷರ ಟೆನಿಸ್‌ಗೆ 4.5 ಪೂರ್ಣ ವಿದ್ಯಾರ್ಥಿವೇತನಗಳಿದ್ದವು. ಕೋಚ್‌ಗಳು ಅವನ್ನು ಕಾಲು, ಅರ್ಧ ಎಂದು ಒಡೆದು ಹಲವರಿಗೆ ಹಂಚುತ್ತಿದ್ದರು. ಏನೂ ಸಿಗದವರು ವಾಕ್-ಆನ್ ಆಗಿ, ಅಂದರೆ ತಮ್ಮ ಶುಲ್ಕವನ್ನು ತಾವೇ ಕಟ್ಟಿಕೊಂಡು, ತಂಡದಲ್ಲಿ ಇರುತ್ತಿದ್ದರು. ಈಗ ಒಪ್ಪಂದಕ್ಕೆ ಸೇರಿದ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿವೇತನದ ಮಿತಿ ಹೋಗಿ ತಲೆಗಳ ಮಿತಿ ಬಂದಿದೆ: ಈಜಿಗೆ 30, ಟ್ರ್ಯಾಕ್ ಅಂಡ್ ಫೀಲ್ಡ್‌ಗೆ 45, ಟೆನಿಸ್‌ಗೆ 10, ಫುಟ್‌ಬಾಲ್‌ಗೆ 105. ಆಗ್ನೇಯ ರಾಜ್ಯಗಳ ಎಸ್‌ಇಸಿ ಕಾನ್ಫರೆನ್ಸ್ (ಪರಸ್ಪರ ಆಡುವ ವಿಶ್ವವಿದ್ಯಾಲಯಗಳ ಕೂಟ) ತನ್ನ ಪುರುಷರ ಈಜು ತಂಡಗಳನ್ನು ಇನ್ನೂ ಕುಗ್ಗಿಸಿ 22ಕ್ಕೆ ಇಳಿಸಿಕೊಂಡಿತು.

ಕಾಗದದ ಮೇಲೆ ಇದು ಔದಾರ್ಯದಂತೆ ಕಾಣುತ್ತದೆ, ಏಕೆಂದರೆ ಮೂವತ್ತು ಜನರಿಗೂ ಪೂರ್ಣ ವಿದ್ಯಾರ್ಥಿವೇತನ ಕೊಡಲು ಅವಕಾಶವಿದೆ. ಅವಕಾಶವಿದ್ದ ಮಾತ್ರಕ್ಕೆ ಹಣ ಇರುವುದಿಲ್ಲ. ನನ್ನ ಮಗಳಿಗೆ ಒಂದು ವಿಶ್ವವಿದ್ಯಾಲಯದ ಕೋಚ್ ಫೋನಿನಲ್ಲಿ ಜಾಗದ ಭರವಸೆ ಕೊಟ್ಟಿದ್ದರು. ಅದನ್ನು ನಂಬಿ ನಾವು ಬೇರೆ ಎರಡು ಕಡೆಗಳಿಂದ ಬಂದ ಆಹ್ವಾನಗಳನ್ನು ಬಿಟ್ಟುಕೊಟ್ಟೆವು. ಕೊನೆಯ ವರ್ಷದ ಪ್ರೌಢಶಾಲೆ ಮುಗಿಯುವ ಹೊತ್ತಿಗೆ ‘ಸಂಖ್ಯೆ ಕಡಿಮೆಯಾಗಿದೆ, ಕ್ಷಮಿಸಿ’ ಎಂಬ ಎರಡು ಸಾಲಿನ ಇಮೇಲ್ ಬಂತು. ನ್ಯಾಯಾಧೀಶೆ ವಿಲ್ಕನ್ ಇಂಥ ಮಕ್ಕಳ ಅಹವಾಲನ್ನು ಕೇಳಿ ಒಪ್ಪಂದದ ಅನುಮೋದನೆಯನ್ನೇ ಕೆಲವು ವಾರ ತಡೆಹಿಡಿದದ್ದು ನಿಜ, ಮತ್ತು ಅದರ ಫಲವಾಗಿ ಹಾಗೆ ಜಾಗ ಕಳೆದುಕೊಂಡವರನ್ನು ಮಿತಿಗೆ ಲೆಕ್ಕ ಹಿಡಿಯದೆ ಮತ್ತೆ ಸೇರಿಸಿಕೊಳ್ಳಬಹುದೆಂಬ ವಿನಾಯಿತಿಯೂ ಬಂತು. ಆದರೆ ಅದು ‘ಸೇರಿಸಿಕೊಳ್ಳಬಹುದು’ ಎಂಬಷ್ಟೇ. ಸೇರಿಸಿಕೊಳ್ಳಲೇಬೇಕೆಂದು ಯಾರೂ ಹೇಳಲಿಲ್ಲ. ನಮಗೆ ಮರುಕರೆ ಬರಲಿಲ್ಲ.

ಮೈಸೂರಿನ ಹಳೆಯ ಎಸೆತಗಾರ

ಟ್ರ್ಯಾಕ್ ಅಂಡ್ ಫೀಲ್ಡ್‌ನ ಹೆಸರು ಬಂದದ್ದರಿಂದ ನಾನೂ ಸೇರಿಕೊಳ್ಳುತ್ತೇನೆ. ನಮ್ಮ ವಿಕಾಸ್ ಗೌಡರು ಮೈಸೂರಿನಲ್ಲಿ ಹುಟ್ಟಿ, ಮೇಲೆ ಬರೆದಿರುವ ಮಹನೀಯರ ಮೇರಿಲ್ಯಾಂಡ್ ರಾಜ್ಯದಲ್ಲಿಯೇ, ಫ್ರೆಡರಿಕ್‌ನಲ್ಲಿ, ಬೆಳೆದು, ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಪರವಾಗಿ 2006ರಲ್ಲಿ ಎನ್‌ಸಿಎಎ ಡಿಸ್ಕಸ್ ಚಾಂಪಿಯನ್ ಆದರು. 2004ರಿಂದ 2016ರವರೆಗೆ ಭಾರತದ ಪರವಾಗಿ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಎಸೆದರು. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ಅವರ ವಿಶ್ವವಿದ್ಯಾಲಯದ ಹೆಸರು ಜಗತ್ತಿಗೆ ಗೊತ್ತಿರುವುದು ಬ್ಯಾಸ್ಕೆಟ್‌ಬಾಲ್‌ನಿಂದ. ಆ ಬ್ಯಾಸ್ಕೆಟ್‌ಬಾಲ್‌ನ ಆದಾಯದ ನೆರಳಿನಲ್ಲಿ ಒಬ್ಬ ಡಿಸ್ಕಸ್ ಎಸೆತಗಾರನಿಗೆ ಕೋಚ್, ಎಸೆತದ ಅಂಗಳ, ಭಾರ ಎತ್ತುವ ಕೋಣೆ, ಪ್ರಯಾಣ ಎಲ್ಲವೂ ದೊರೆತವು. ಹಳೆಯ ವ್ಯವಸ್ಥೆಯಲ್ಲಿ ಅನ್ಯಾಯ ಎಷ್ಟೇ ಇರಲಿ, ಈ ಒಂದು ಗುಣವನ್ನು ಅಲ್ಲಗಳೆಯಲಾಗದು.

ಈಗಿನ ಸುದ್ದಿಯನ್ನು ನೋಡಿ. 2025ರ ಜೂನ್‌ನಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯವು ತನ್ನ ಟ್ರ್ಯಾಕ್ ಅಂಡ್ ಫೀಲ್ಡ್ ತಂಡವನ್ನು ಹೆಸರಿಗೆ ಉಳಿಸಿಕೊಂಡು, ಎಸೆತ ಮತ್ತು ಜಿಗಿತಗಳನ್ನು ಸಂಪೂರ್ಣವಾಗಿ ಕೈಬಿಟ್ಟು, ವೇಗದ ಓಟವನ್ನೂ ಮೊಟಕುಗೊಳಿಸಿ, ದೂರದ ಓಟಕ್ಕೆ ಮಾತ್ರ ಗಮನ ಕೊಡುವುದಾಗಿ ಪ್ರಕಟಿಸಿತು. ಕೀನ್ಯಾದ ಹೆನ್ರಿ ರೋನೊ 1978ರಲ್ಲಿ 81 ದಿನಗಳ ಅವಧಿಯಲ್ಲಿ ನಾಲ್ಕು ವಿಶ್ವದಾಖಲೆಗಳನ್ನು ಮುರಿದಾಗ ಅಲ್ಲಿಯ ವಿದ್ಯಾರ್ಥಿಯಾಗಿದ್ದರು; ಆ ಪರಂಪರೆಯ ದೃಷ್ಟಿಯಿಂದ ದೂರದ ಓಟ ಉಳಿದದ್ದು ಸಂತೋಷವೇ. ಆದರೆ ತಂಡ ಇದೆ, ಎಸೆತಗಾರನಿಲ್ಲ ಎಂಬ ಈ ಏರ್ಪಾಡು ತಂಡವನ್ನು ಮುಚ್ಚುವುದಕ್ಕಿಂತಲೂ ಜಾಣತನದ್ದು: ಆಟಗಳ ಪಟ್ಟಿಯಲ್ಲಿ ಸಂಖ್ಯೆ ಕಡಿಮೆಯಾಗುವುದಿಲ್ಲ, ದೊಡ್ಡ ಸುದ್ದಿಯೂ ಆಗುವುದಿಲ್ಲ.

ಓಹಾಯೊ ಲೆಕ್ಕಿಗ

ಎಸೆತಗಾರರು ಬಹಳ ಮುಖ್ಯವಾದ ಅಂಶವನ್ನು ಹಿಡಿದಿದ್ದಾರೆ. ಫುಟ್‌ಬಾಲ್‌ನ ಮೇಲ್ದರ್ಜೆಯಲ್ಲಿ ಆಡಲು ವಿಶ್ವವಿದ್ಯಾಲಯವು ಕನಿಷ್ಠ 16 ಆಟಗಳನ್ನು ನಡೆಸಬೇಕೆಂಬ ನಿಯಮವಿದೆ. ಹಾಗಾಗಿ ಆಡಳಿತದ ಕಣ್ಣಿನಲ್ಲಿ ಸಣ್ಣ ಆಟವೊಂದರ ಬೆಲೆ ಎಷ್ಟೋ ಸಲ ಆ ಹದಿನಾರರ ಲೆಕ್ಕ ತುಂಬಿಸುವುದಷ್ಟೇ ಆಗಿರುತ್ತದೆ.

ಕಾನೂನು ವಿದ್ಯಾರ್ಥಿನಿ, ಬಾಸ್ಟನ್

ಹಿರಿಯರು ಬೇಸರಿಸಬಾರದು, ಈ ಚರ್ಚೆಯಲ್ಲಿ ಒಂದು ಕಡೆಯ ಮಾತು ಇನ್ನೂ ಬಂದಿಲ್ಲ. ಹಳೆಯ ವ್ಯವಸ್ಥೆಯಲ್ಲಿ ಸಣ್ಣ ಆಟಗಳನ್ನು ಸಾಕಿದವರು ಯಾರು? ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್‌ನ ಅಗ್ರ ತಂಡಗಳಲ್ಲಿ ಕಪ್ಪುವರ್ಣೀಯ ಯುವಕರ ಪ್ರಮಾಣ ಬಹಳ ಹೆಚ್ಚು. ಅವರಲ್ಲಿ ಅನೇಕರು ಬಡ ಮನೆಗಳಿಂದ ಬಂದವರು. ಅವರ ದುಡಿಮೆಯಿಂದ ಬಂದ ಹಣದಲ್ಲಿ ಗಾಲ್ಫ್, ದೋಣಿ ಓಟ, ಫೆನ್ಸಿಂಗ್, ಸ್ಕ್ವಾಷ್ ತಂಡಗಳು ನಡೆದವು. ಆ ಆಟಗಳಿಗೆ ಮಕ್ಕಳನ್ನು ಕಳುಹಿಸುವವರು ಸಾಮಾನ್ಯವಾಗಿ ಅನುಕೂಲಸ್ಥರು. ಖಾಸಗಿ ತರಬೇತಿಗೆ ವರ್ಷಕ್ಕೆ ಸಾವಿರಾರು ಡಾಲರ್ ಕೊಡಬಲ್ಲ ನಮ್ಮಂಥ ವಲಸಿಗ ಕುಟುಂಬಗಳೂ ಅವರಲ್ಲಿ ಸೇರಿವೆ. ನಾನೂ ಅಂಥ ಮನೆಯವಳೇ. ಆಡಿದವನಿಗೆ ಕೊಡದೆ ಉಳಿಸಿದ ಕೂಲಿಯಲ್ಲಿ ನಮ್ಮ ಮಕ್ಕಳ ಕತ್ತಿವರಸೆ ನಡೆಯುತ್ತಿತ್ತು ಎಂಬುದು ಕೇಳಲು ಹಿತವಲ್ಲ, ಆದರೆ ಸುಳ್ಳಲ್ಲ.

2021ರ ಜೂನ್‌ನಲ್ಲಿ ‘ಆಲ್‌ಸ್ಟನ್’ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ತೀರ್ಪಿತ್ತರು. ಅಲ್ಲಿ ಪ್ರಶ್ನೆ ಇದ್ದದ್ದು ಶಿಕ್ಷಣಕ್ಕೆ ಸಂಬಂಧಿಸಿದ ಸೌಲಭ್ಯಗಳ ಬಗ್ಗೆ ಮಾತ್ರವಾದರೂ, ನ್ಯಾಯಮೂರ್ತಿ ಕ್ಯಾವನಾ ಪ್ರತ್ಯೇಕ ಅಭಿಪ್ರಾಯ ಬರೆದು, ಕೆಲಸಗಾರರಿಗೆ ಸಂಬಳ ಕೊಡದಿರಲು ಎಲ್ಲ ಮಾಲೀಕರೂ ಕೂಡಿ ಒಪ್ಪಿಕೊಳ್ಳುವುದು ಬೇರಾವ ಉದ್ಯಮದಲ್ಲಿಯೂ ಕಾನೂನುಬದ್ಧವಾಗುವುದಿಲ್ಲವೆಂಬ ಅರ್ಥದ ಮಾತನ್ನು ಹೇಳಿದರು. ನ್ಯಾಯಾಲಯವು ಈಜುಕೊಳ ಮುಚ್ಚಿರೆಂದು ಎಲ್ಲಿಯೂ ಹೇಳಿಲ್ಲ. ಎರಡು ಕೋಟಿ ಡಾಲರ್ ಎಂಬುದು ಗರಿಷ್ಠ ಮಿತಿಯೇ ಹೊರತು ಕಡ್ಡಾಯವಲ್ಲ. ಮಿತಿಯವರೆಗೂ ಹೋಗಬೇಕೆಂದು ತೀರ್ಮಾನಿಸುವುದು ವಿಶ್ವವಿದ್ಯಾಲಯ.

ಈಜುಗಾರ್ತಿಯ ತಾಯಿ

ಮಗಳೇ, ನಿನ್ನ ಮಾತಿಗೆ ಬೇಸರವಿಲ್ಲ. ನನ್ನ ಸಿಟ್ಟೂ ಫುಟ್‌ಬಾಲ್ ಹುಡುಗರ ಮೇಲಲ್ಲ. ಆದರೆ ಅನುಕೂಲಸ್ಥರ ಆಟವೆಂದು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಬೇಡ. ಕುಸ್ತಿಗೂ ಓಟಕ್ಕೂ ಬರುವ ಮಕ್ಕಳು ಶ್ರೀಮಂತರಲ್ಲ. ಬೂಟು ಕೊಂಡರೆ ಓಡಬಹುದು. ಲೊಯೋಲಾ ಮೇರಿಮೌಂಟ್ ವಿಶ್ವವಿದ್ಯಾಲಯವು 2024ರ ಜನವರಿಯಲ್ಲಿ ಆರು ತಂಡಗಳನ್ನು ನಿಲ್ಲಿಸುವುದಾಗಿ ಹೇಳಿದಾಗ ಆ ಪಟ್ಟಿಯಲ್ಲಿ ದೋಣಿ ಓಟ ಮತ್ತು ಈಜಿನ ಜೊತೆಗೆ ಪುರುಷರ ಹಾಗೂ ಮಹಿಳೆಯರ ಟ್ರ್ಯಾಕ್ ತಂಡಗಳೂ ಇದ್ದವು.

ಹೆಣ್ಣುಮಕ್ಕಳ ವಿಷಯವನ್ನೂ ಹೇಳಬೇಕು. 1972ರ ಟೈಟಲ್ ನೈನ್ ಕಾನೂನಿನ ಪ್ರಕಾರ ಫೆಡರಲ್ ಹಣ ಪಡೆಯುವ ಸಂಸ್ಥೆಗಳಲ್ಲಿ ಲಿಂಗಭೇದ ಸಲ್ಲದು. ಈ ಹೊಸ ಪಾಲು ಆ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಶಿಕ್ಷಣ ಇಲಾಖೆ 2025ರ ಜನವರಿಯಲ್ಲಿ ಹೇಳಿತು. ಸರ್ಕಾರ ಬದಲಾದ ಮೇಲೆ ಫೆಬ್ರವರಿಯಲ್ಲಿ ಅದನ್ನು ಹಿಂತೆಗೆದುಕೊಂಡಿತು. ಹಳೆಯ ಬಾಕಿಯ ಹಂಚಿಕೆ ಅನ್ಯಾಯವೆಂದು ಎಂಟು ಮಂದಿ ಕ್ರೀಡಾಪಟು ಮಹಿಳೆಯರು ಮೇಲ್ಮನವಿ ಸಲ್ಲಿಸಿದರು. 2021ರ ಎನ್‌ಸಿಎಎ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯಲ್ಲಿ ಮಹಿಳೆಯರಿಗೆ ಕೊಟ್ಟ ವ್ಯಾಯಾಮ ಸೌಕರ್ಯ ಎಷ್ಟು ದರಿದ್ರವಾಗಿತ್ತೆಂದು ವಿಡಿಯೊ ಮಾಡಿ ಜಗತ್ತಿಗೆ ತೋರಿಸಿದ ಸೆಡೋನಾ ಪ್ರಿನ್ಸ್ ಕೂಡ ಈ ‘ಹೌಸ್’ ಪ್ರಕರಣದ ವಾದಿಗಳಲ್ಲೊಬ್ಬರು. ಅಂಥವರು ಹೂಡಿದ ಮೊಕದ್ದಮೆಯ ಫಲದಲ್ಲಿ ಮಹಿಳೆಯರ ಪಾಲು ಇಷ್ಟು ಕಿರಿದಾದದ್ದನ್ನು ನಾನು ಅರಗಿಸಿಕೊಳ್ಳಲಾರೆ.

ಪೆನ್ಸಿಲ್ವೇನಿಯಾ ಪ್ರಾಧ್ಯಾಪಕ

ನೀವೆಲ್ಲ ದೊಡ್ಡ ವಿಶ್ವವಿದ್ಯಾಲಯಗಳೊಳಗಿನ ಸಣ್ಣ ತಂಡಗಳ ಬಗ್ಗೆ ಬರೆಯುತ್ತಿದ್ದೀರಿ. ಸಣ್ಣ ವಿಶ್ವವಿದ್ಯಾಲಯಗಳ ಸ್ಥಿತಿ ಇನ್ನೂ ವಿಚಿತ್ರ. 280 ಕೋಟಿಯ ಪರಿಹಾರದ ದೊಡ್ಡ ಭಾಗವನ್ನು ಎನ್‌ಸಿಎಎ ತುಂಬಿಕೊಳ್ಳುತ್ತಿರುವುದು ತನ್ನ ಅತ್ಯುನ್ನತ ವಿಭಾಗವಾದ ಡಿವಿಷನ್ 1ರ ಎಲ್ಲ ಕಾನ್ಫರೆನ್ಸ್‌ಗಳಿಗೆ ಪ್ರತಿವರ್ಷ ಹಂಚುತ್ತಿದ್ದ ಹಣವನ್ನು ಕಡಿತಗೊಳಿಸಿ. ಪರಿಹಾರ ಸಲ್ಲುವುದು ಬಹುಪಾಲು ದೊಡ್ಡ ಕಾನ್ಫರೆನ್ಸ್‌ಗಳ ಫುಟ್‌ಬಾಲ್ ಆಟಗಾರರಿಗೆ. ಕಡಿತ ಮಾತ್ರ ಫುಟ್‌ಬಾಲ್ ತಂಡವೇ ಇಲ್ಲದ ಕಾಲೇಜುಗಳಿಗೂ ಉಂಟು. ದೊಡ್ಡವರಿಗೆ ಟಿ.ವಿ. ಒಪ್ಪಂದಗಳಿವೆ: ಬಿಗ್ ಟೆನ್ ಕಾನ್ಫರೆನ್ಸ್ 2022ರಲ್ಲಿ ಮಾಡಿಕೊಂಡ ಏಳು ವರ್ಷಗಳ ಪ್ರಸಾರ ಒಪ್ಪಂದದ ಮೊತ್ತ 700 ಕೋಟಿ ಡಾಲರ್‌ಗೂ ಹೆಚ್ಚು. ಸಣ್ಣ ಕಾಲೇಜುಗಳಿಗೆ ಇರುವ ಮುಖ್ಯ ಆಸರೆ ಎನ್‌ಸಿಎಎ ಹಂಚಿಕೆ ಮತ್ತು ವಿದ್ಯಾರ್ಥಿಗಳಿಂದ ವಸೂಲು ಮಾಡುವ ಕ್ರೀಡಾ ಶುಲ್ಕ. ಎಂದೂ ಪಂದ್ಯ ನೋಡದ ವಿದ್ಯಾರ್ಥಿ ಸಾಲ ಮಾಡಿ ಆ ಶುಲ್ಕವನ್ನು ಕಟ್ಟುತ್ತಾನೆ.

ನಮ್ಮ ರಾಜ್ಯದ ಲೊರೆಟ್ಟೊ ಎಂಬ ಪುಟ್ಟ ಊರಿನ ಸೇಂಟ್ ಫ್ರಾನ್ಸಿಸ್ ವಿಶ್ವವಿದ್ಯಾಲಯವು 2025ರ ಮಾರ್ಚ್‌ನಲ್ಲಿ ಪುರುಷರ ಬ್ಯಾಸ್ಕೆಟ್‌ಬಾಲ್‌ನ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡಿತು. ಹಿಂದಿನ ಕಾಲದಲ್ಲಾಗಿದ್ದರೆ ಅಂಥ ಕಾಲೇಜು ಆ ಒಂದು ಪಂದ್ಯದ ಕೀರ್ತಿಯಲ್ಲಿ ದಶಕ ಕಳೆಯುತ್ತಿತ್ತು. ಸೇಂಟ್ ಫ್ರಾನ್ಸಿಸ್ ಅದೇ ತಿಂಗಳಲ್ಲಿ ತಾನು ಡಿವಿಷನ್ 1ನ್ನು ಬಿಟ್ಟು, ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲದ ಡಿವಿಷನ್ 3ಕ್ಕೆ ಹೋಗುವುದಾಗಿ ಪ್ರಕಟಿಸಿತು. ಅದು ಸೋಲೆಂದು ನನಗೆ ಅನಿಸುವುದಿಲ್ಲ, ಬಹುಶಃ ವಿವೇಕವೇ ಇರಬೇಕು. ಆದರೆ ವಿದ್ಯಾರ್ಥಿವೇತನವನ್ನು ನಂಬಿ ಸೇರಿದ್ದ ಗಾಲ್ಫ್ ಅಥವಾ ಬೌಲಿಂಗ್ ಆಟಗಾರ್ತಿಗೆ ಆ ನಿರ್ಧಾರದಲ್ಲಿ ಯಾವ ಮಾತೂ ಇರಲಿಲ್ಲ.

ಸಿಯಾಟಲ್ ಸುಬ್ಬಣ್ಣ

ಪ್ರಸಾರ ಒಪ್ಪಂದದ ಇನ್ನೊಂದು ಫಲ: 2024ರಿಂದ ಯುಸಿಎಲ್‌ಎ, ವಾಷಿಂಗ್ಟನ್, ಓರೆಗಾನ್‌ಗಳು ಬಿಗ್ ಟೆನ್‌ನಲ್ಲಿವೆ, ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್‌ಲಿ ಅಟ್ಲಾಂಟಿಕ್ ಕರಾವಳಿಯ ಕಾನ್ಫರೆನ್ಸ್‌ನಲ್ಲಿವೆ. ಫುಟ್‌ಬಾಲ್ ತಂಡ ವಿಶೇಷ ವಿಮಾನದಲ್ಲಿ ಋತುವಿಗೆ ಕೆಲವೇ ಬಾರಿ ದೇಶ ದಾಟುತ್ತದೆ. ವಾಲಿಬಾಲ್, ಸಾಫ್ಟ್‌ಬಾಲ್ ಹುಡುಗಿಯರು ವಾರದ ನಡುವೆ ಸಾಮಾನ್ಯ ವಿಮಾನದಲ್ಲಿ ಮೂರು ಗಂಟೆಯ ಕಾಲವ್ಯತ್ಯಾಸ ದಾಟಿ, ನಿಲ್ದಾಣದ ನೆಲದ ಮೇಲೆ ಕುಳಿತು ಮನೆಪಾಠ ಬರೆಯುತ್ತಾರೆ.

ಕ್ಯಾನ್ಸಸ್‌ನ ಸಂಶೋಧನಾ ವಿದ್ಯಾರ್ಥಿ

ವೀಸಾ ಮೇಲೆ ಬಂದವರ ವಿಚಾರವನ್ನು ಯಾರೂ ಎತ್ತಿಲ್ಲ. ಎಫ್-1 ವೀಸಾದಲ್ಲಿರುವ ವಿದ್ಯಾರ್ಥಿಗೆ ಇಲ್ಲಿ ದುಡಿಯಲು ಕಟ್ಟುನಿಟ್ಟಿನ ಮಿತಿಗಳಿರುವುದರಿಂದ, ಜಾಹೀರಾತಿನಲ್ಲಿ ಕಾಣಿಸಿಕೊಂಡು ಹಣ ಪಡೆದರೆ ವೀಸಾಕ್ಕೇ ಕುತ್ತು ಬಂದೀತೆಂದು ವಕೀಲರು ಎಚ್ಚರಿಸುತ್ತಾರೆ. ಎಷ್ಟೋ ಜನ ವಿದೇಶಿ ಆಟಗಾರರು ರಜೆಗೆ ತಮ್ಮ ದೇಶಕ್ಕೆ ಹೋದಾಗ ಮಾತ್ರ ಅಂಥ ಕೆಲಸ ಮಾಡುತ್ತಾರೆ. ಸೋಮ್‌ದೇವ್ ದೇವವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯಕ್ಕಾಗಿ 2007 ಮತ್ತು 2008ರಲ್ಲಿ ಎನ್‌ಸಿಎಎ ಟೆನಿಸ್ ಸಿಂಗಲ್ಸ್ ಗೆದ್ದರು. ತೇಜಸ್ವಿನ್ ಶಂಕರ್ ನಮ್ಮ ಕ್ಯಾನ್ಸಸ್ ಸ್ಟೇಟ್‌ಗಾಗಿ 2018 ಮತ್ತು 2022ರಲ್ಲಿ ಎತ್ತರ ಜಿಗಿತ ಗೆದ್ದರು. ಇಂಥವರಿಗೆ ಜಾಹೀರಾತಿನ ಹಣ ಮುಖ್ಯವಾಗಿರಲಿಲ್ಲ, ವಿದ್ಯಾರ್ಥಿವೇತನ ಮುಖ್ಯವಾಗಿತ್ತು. ಭಾರತದಿಂದ ಬರುವವನಿಗೆ ಹೊಸ ಹಣದ ಬಾಗಿಲು ಅರ್ಧ ಮುಚ್ಚಿದೆ, ಹಳೆಯ ಬಾಗಿಲು ಕಿರಿದಾಗುತ್ತಿದೆ.

ಮೇರಿಲ್ಯಾಂಡ್ ಕನ್ನಡಿಗ

ಎಲ್ಲರ ಬರಹಗಳಿಂದ ಬಹಳಷ್ಟು ತಿಳಿಯಿತು. ಕಾನೂನು ವಿದ್ಯಾರ್ಥಿನಿಯ ಮಾತಿನ ಹಿನ್ನೆಲೆಯಲ್ಲಿ ನೋಡಿದಾಗ, ‘ಆಟಗಾರರ ಸಂಬಳದಿಂದಾಗಿ ಸಣ್ಣ ಆಟಗಳು ಸಾಯುತ್ತಿವೆ’ ಎಂಬ ವಿವರಣೆ ನನಗೂ ಅರೆಬರೆಯಾಗಿಯೇ ಕಾಣುತ್ತದೆ. ಆಟಗಾರರಿಗೆ ಪೈಸೆಯೂ ಇಲ್ಲದಿದ್ದ 2020ರಲ್ಲಿಯೇ ಕೋವಿಡ್‌ನ ನೆಪದಲ್ಲಿ ಸ್ಟ್ಯಾನ್‌ಫರ್ಡ್ ತನ್ನ 36 ತಂಡಗಳಲ್ಲಿ 11ನ್ನು ನಿಲ್ಲಿಸುವುದಾಗಿ ಹೇಳಿತ್ತು. ಸುಮಾರು 2,900 ಕೋಟಿ ಡಾಲರ್‌ಗಳ ದತ್ತಿನಿಧಿ ಇದ್ದ ಸಂಸ್ಥೆಯದು! ಮರುವರ್ಷದ ಮಾರ್ಚ್‌ನಲ್ಲಿ ಅಲ್ಲಿಯ ಕುಸ್ತಿಪಟು ಶೇನ್ ಗ್ರಿಫಿತ್ ತನ್ನ ವಿಶ್ವವಿದ್ಯಾಲಯದ ಚಿಹ್ನೆಯೇ ಇಲ್ಲದ ಕಪ್ಪು ಉಡುಪಿನಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದನು. ಹಳೆಯ ವಿದ್ಯಾರ್ಥಿಗಳ ಒತ್ತಡ, ಮೊಕದ್ದಮೆಗಳು ಮತ್ತು ದೇಣಿಗೆಯ ಭರವಸೆಗಳ ಮುಂದೆ ಮೇ ತಿಂಗಳಲ್ಲಿ ಸ್ಟ್ಯಾನ್‌ಫರ್ಡ್ ಹನ್ನೊಂದೂ ತಂಡಗಳನ್ನು ಉಳಿಸಿಕೊಂಡಿತು. 2020ರಲ್ಲಿಯೇ ಐಯೊವಾ ವಿಶ್ವವಿದ್ಯಾಲಯ ನಾಲ್ಕು ತಂಡಗಳನ್ನು ಕೈಬಿಟ್ಟಾಗ ಟೈಟಲ್ ನೈನ್ ಮೊಕದ್ದಮೆಯಿಂದ ಮಹಿಳೆಯರ ಈಜು ಮಾತ್ರ ಮರಳಿತು. ಚಿಟ್ಟೆ ಶೈಲಿಯ ಈಜು 1930ರ ದಶಕದಲ್ಲಿ ರೂಪುಗೊಂಡದ್ದು ಯಾವ ವಿಶ್ವವಿದ್ಯಾಲಯದ ಕೊಳದಲ್ಲಿಯೋ, ಅಲ್ಲಿ ಇಂದು ಪುರುಷರ ಈಜು ತಂಡವಿಲ್ಲ.

ಅಂದರೆ ಶ್ರೀಮಂತ ಹಳೆಯ ವಿದ್ಯಾರ್ಥಿಗಳಿದ್ದಲ್ಲಿ ತಂಡ ಉಳಿಯುತ್ತದೆ, ಇಲ್ಲದಲ್ಲಿ ಅಳಿಯುತ್ತದೆ. ಅಮೆರಿಕ ಸರ್ಕಾರ ಒಲಿಂಪಿಕ್ ತರಬೇತಿಗೆ ನೇರವಾಗಿ ಹಣ ಕೊಡುವುದಿಲ್ಲವಾದ್ದರಿಂದ ಆ ಕೆಲಸವನ್ನು ಕಾಲೇಜುಗಳೇ ಮಾಡುತ್ತಾ ಬಂದಿವೆ. 2024ರ ಪ್ಯಾರಿಸ್‌ನಲ್ಲಿ ಅಮೆರಿಕದ ಪುರುಷರ ಜಿಮ್ನಾಸ್ಟಿಕ್ಸ್ ತಂಡ 2008ರ ನಂತರ ಮೊದಲ ಬಾರಿಗೆ ಪದಕ ಪಡೆದಾಗ ಐವರೂ ಕಾಲೇಜು ತಂಡಗಳಿಂದ ಬಂದವರಾಗಿದ್ದರು. ಅಂಥ ತಂಡಗಳು ಈಗ ಇಡೀ ದೇಶದಲ್ಲಿ ಹದಿನೈದರ ಆಸುಪಾಸಿನಲ್ಲಿವೆ. ಕ್ರೀಡೆಯಿಂದ 12.5 ಕೋಟಿ ಡಾಲರ್‌ಗೂ ಹೆಚ್ಚು ಆದಾಯವುಳ್ಳ ವಿಶ್ವವಿದ್ಯಾಲಯಗಳು ಆದಾಯ ತರದ ಆಟಗಳ ವಿದ್ಯಾರ್ಥಿವೇತನಗಳನ್ನು ಹೆಚ್ಚಿಸಬೇಕೆಂದು ಅಧ್ಯಕ್ಷ ಟ್ರಂಪ್ 2025ರ ಜುಲೈ 24ರಂದು ಆದೇಶ ಹೊರಡಿಸಿದ್ದಾರೆ. ಕಾಂಗ್ರೆಸ್ಸಿನ ಕಾನೂನಿಲ್ಲದೆ ಅಂಥ ಆದೇಶ ಎಷ್ಟು ನಡೆದೀತೆಂಬ ಬಗ್ಗೆ ನನಗೆ ಹೆಚ್ಚಿನ ಭರವಸೆಯಿಲ್ಲ.

ಈಜುಗಾರ್ತಿಯ ತಾಯಿ

ನನ್ನ ಎರಡನೆಯ ಮಗನೂ ಈಜುತ್ತಾನೆ, ಈಗ ಹತ್ತನೆಯ ತರಗತಿ. ಲೆಕ್ಕಿಗರೇ, ಈ ಬಾರಿ ನಾವು ಮೊದಲೇ ಏನನ್ನು ನೋಡಿಕೊಳ್ಳಬೇಕು?

ಓಹಾಯೊ ಲೆಕ್ಕಿಗ

ಅಮ್ಮ, ಮೊದಲು ಆ ವಿಶ್ವವಿದ್ಯಾಲಯ ‘ಹೌಸ್’ ಒಪ್ಪಂದಕ್ಕೆ ಸೇರಿದೆಯೇ ಎಂದು ನೋಡಿ. ಸೇರದವರಿಗೆ ರೋಸ್ಟರ್ ಮಿತಿ ಅನ್ವಯಿಸುವುದಿಲ್ಲ. ಹಾರ್ವರ್ಡ್, ಯೇಲ್ ಮೊದಲಾದವುಗಳ ಐವಿ ಲೀಗ್ ಹೊರಗುಳಿದಿದೆ, ಡಿವಿಷನ್ 3ಕ್ಕೆ ಅದರ ಸಂಬಂಧವೇ ಇಲ್ಲ. ಎರಡನೆಯದಾಗಿ, ಪ್ರತಿಯೊಂದು ಕಾಲೇಜೂ ಯಾವ ಆಟಕ್ಕೆ ಎಷ್ಟು ಖರ್ಚು ಮಾಡುತ್ತಿದೆ ಎಂಬುದನ್ನು ಕಾನೂನಿನ ಪ್ರಕಾರ ಶಿಕ್ಷಣ ಇಲಾಖೆಗೆ ವರ್ಷವರ್ಷವೂ ಸಲ್ಲಿಸಬೇಕು, ಅದನ್ನು ಇಲಾಖೆಯ ಜಾಲತಾಣದಲ್ಲಿ ಯಾರೂ ಉಚಿತವಾಗಿ ಓದಬಹುದು. ಈಜಿನ ಖರ್ಚು ಮೂರು ವರ್ಷಗಳಲ್ಲಿ ಏರಿದೆಯೇ ಇಳಿದಿದೆಯೇ ನೋಡಿ, ಒಟ್ಟು ಆಟಗಳು 16ಕ್ಕಿಂತ ಎಷ್ಟು ಹೆಚ್ಚಿವೆ ಎಂದೂ ಎಣಿಸಿ. ಹೆಚ್ಚಿದ್ದಷ್ಟೂ ಕತ್ತರಿಸಲು ಅವಕಾಶ ಹೆಚ್ಚು. ಮೂರನೆಯದಾಗಿ, ಆ ಕಾಲೇಜನ್ನೇ ಸೇರುವೆನೆಂದು ಆಟಗಾರ ಸಹಿ ಮಾಡಿಕೊಡುತ್ತಿದ್ದ ಹಳೆಯ ‘ಲೆಟರ್ ಆಫ್ ಇಂಟೆಂಟ್’ ಪದ್ಧತಿ 2024ರ ಅಕ್ಟೋಬರ್‌ನಲ್ಲಿಯೇ ರದ್ದಾಗಿರುವುದರಿಂದ, ಈಗ ಬೆಲೆಯಿರುವುದು ವಿಶ್ವವಿದ್ಯಾಲಯ ಸಹಿ ಮಾಡಿದ ಆರ್ಥಿಕ ನೆರವಿನ ಕರಾರಿಗೆ ಮಾತ್ರ. ತಂಡವನ್ನೇ ನಿಲ್ಲಿಸಿದರೆ ವಿದ್ಯಾರ್ಥಿವೇತನ ಪದವಿ ಮುಗಿಯುವವರೆಗೂ ಮುಂದುವರಿಯುತ್ತದೆಯೇ ಎಂಬ ಪ್ರಶ್ನೆಯನ್ನು ಕೋಚ್‌ಗೆ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನೂ ಇಮೇಲ್‌ನಲ್ಲಿಯೇ ಪಡೆಯಿರಿ. ಫೋನಿನಲ್ಲಿ ಬೇಡ.